ಐದು ಪೊಟ್ಟಣ ಕೋಳಿ, ಒಂದು ದಿನದ ವಿಶ್ರಾಂತಿ

ಟೇಲರಮ್ಮ ಆ ಭಾನುವಾರ ಘನಘೋರ ಪ್ರತಿಜ್ಞೆಯೊಂದನ್ನು ಮಾಡಿದರು. ಆಕಾಶವೇ ಕಳಚಿ ಬಿದ್ದರೂ ಸರಿ, ಸಂಜೆಯವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ! ನಲವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಬಲಗಾಲಿನ ಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತ್ತು. "ಒಂದು ದಿನ ಕಾಲು ಮೇಲಿಟ್ಟು ಕೂತ್ಕೊಳ್ಳಿ. ನಾಳೆಗೆ ಊತ ಇಳೀದಿದ್ರೆ ಸೂಜಿ ಚುಚ್ಚಿ ನೀರು ತೆಗೀಬೇಕು," ಎಂದಿದ್ದರು ಡಾಕ್ಟರು. ಸೂಜಿ ಹಿಡಿದೇ ಬಾಳು ಸವೆಸಿದ ಟೇಲರಮ್ಮನಿಗೆ, ಅದು ತನ್ನ ಕಡೆಗೇ ತಿರುಗುತ್ತದೆಂದರೆ ಕೈಕಾಲು ತಣ್ಣಗಾಗುತ್ತಿತ್ತು.

"ಅಡುಗೆಮನೆ ನನಗೆ ಬಿಡು," ಎಂದು ಯಜಮಾನರು ಎದೆ ತಟ್ಟಿಕೊಂಡರು. ಕಾರ್ಖಾನೆಯ ಸ್ಟೋರ್ ನೋಡಿಕೊಂಡು ನಿವೃತ್ತರಾದವರು ಅವರು. "ಸಾವಿರಾರು ಸಾಮಾನು ಕಾದೋನು ಕಣೇ ನಾನು. ಒಂದು ಫ್ರಿಜ್ ಯಾವ ಲೆಕ್ಕ?"

ಬೆಳಗ್ಗೆ ಅಂಗಡಿಗೆ ಹೋದವರು ಐದು ಪೊಟ್ಟಣ ಹಸಿ ಕೋಳಿ ಹೊತ್ತು ತಂದರು. ಮನೆಯಲ್ಲಿರುವುದು ಇಬ್ಬರೇ!

"ರೀ, ಒಂದನ್ನ ಅಡುಗೆಗೆ ಬಿಚ್ಚಿ, ಮಿಕ್ಕಿದ್ದನ್ನ ಹಾಗೇ ಫ್ರೀಜರಿಗೆ ಹಾಕಿ," ಎಂದು ಟೇಲರಮ್ಮ ಕುರ್ಚಿಯಿಂದಲೇ ಕೂಗಿದರು.

ಉತ್ತರವಾಗಿ ಚರ್ ಎಂಬ ಸದ್ದು ಬಂತು. ಮತ್ತೆ ಚರ್. ಒಟ್ಟು ಐದು ಸಲ ಚರ್!

"ಏನ್ರೀ, ಐದೂ ಹರಿದ್ರಾ?"

"ಮತ್ತೆ? ಬಂದ ಸರಕನ್ನ ಬಿಚ್ಚಿ ನೋಡದೆ ಒಳಗಿಡೋ ಅಭ್ಯಾಸ ನನ್ನ ಸ್ಟೋರಲ್ಲಿ ಇರಲಿಲ್ಲ. ಒಂದರಲ್ಲಿ ಕೋಳಿಗೆ ಒಂದು ಕಾಲೇ ಇಲ್ಲ, ಗೊತ್ತಾ?"

"ಕಾಲಿಲ್ಲದ ಕೋಳಿ ಓಡಿಹೋಗಲ್ಲ ಬಿಡಿ. ಆದ್ರೆ ಬಿಚ್ಚಿದ ಕೋಳಿ ಫ್ರಿಜ್ಜಲ್ಲೂ ಎರಡು ದಿನ ತಡೆದ್ರೆ ಹೆಚ್ಚು!"

"ಅದಕ್ಕೇ ಚೀಟಿ ಅಂಟಿಸ್ತಿದ್ದೀನಿ. ತಾರೀಕು, ತೂಕ, ಬಂದ ಹೊತ್ತು. ಮೊದಲು ಬಂದದ್ದು ಮೊದಲು ಆಚೆಗೆ."

"ಐದೂ ಒಟ್ಟಿಗೇ ಬಂದವಲ್ರೀ!"

ಒಳಗಿನಿಂದ ಅಂಟಿಸಿದ ಚೀಟಿಗಳನ್ನು ಕೀಳುವ ಸದ್ದು ಬಂತು.

ಟೇಲರಮ್ಮನ ಕಾಲು ಸ್ಟೂಲಿನ ಮೇಲಿತ್ತು, ಜೀವವೆಲ್ಲ ಕಿವಿಯಲ್ಲಿತ್ತು. ಫ್ರಿಜ್ ಬಾಗಿಲು ತೆರೆದ ಸದ್ದು ಬಂತು, ಮುಚ್ಚಿದ ಸದ್ದು ಬರಲಿಲ್ಲ. ಯಜಮಾನರು ತಮ್ಮ ಜೋಡಣೆಯ ಅಂದವನ್ನು ತಾವೇ ನೋಡುತ್ತ ನಿಂತಿದ್ದರು. ಆಮೇಲೆ ಏನೋ ತೊಟ್ಟಿಕ್ಕಿದ ಸದ್ದು, ಟಪ್.

"ರೀ, ಕೋಳಿ ಎಲ್ಲಿಟ್ರಿ?"

"ಮೇಲಿನ ಅಂತಸ್ತಲ್ಲಿ. ಕಣ್ಣಿಗೆ ಕಾಣಬೇಕಲ್ಲ!"

"ಅದರ ಕೆಳಗೇನಿದೆ?"

"ಹಾಲಿನ ಪಾತ್ರೆ. ಅದರ ಕೆಳಗೆ ಹೆಚ್ಚಿದ ಹಣ್ಣು. ಅಯ್ಯೋ, ಇದೇನೇ, ಹಾಲು ಗುಲಾಬಿ ಬಣ್ಣಕ್ಕೆ ತಿರುಗ್ತಿದೆ!"

ಟೇಲರಮ್ಮ ದಡಕ್ಕನೆ ಎದ್ದೇಬಿಟ್ಟರು, ಮನಸ್ಸಿನಲ್ಲಿ. ಮೈ ಮಾತ್ರ ಕುರ್ಚಿಗೆ ಅಂಟಿಕೊಂಡಿತ್ತು. ಕಣ್ಣ ಮುಂದೆ ಸೂಜಿ ಕುಣಿಯುತ್ತಿತ್ತು.

"ಹಾಲು ಚೆಲ್ಲಿ. ಹಣ್ಣು ಬಿಸಾಕಿ. ನಾಳೆಯೊಳಗೆ ಬೇಯಿಸೋಷ್ಟು ಕೋಳೀನ ಮುಚ್ಚಳ ಇರೋ ಡಬ್ಬಿಗೆ ಹಾಕಿ, ಎಲ್ಲಕ್ಕಿಂತ ಕೆಳಗಿಡಿ. ಮಿಕ್ಕಿದ್ದು ಫ್ರೀಜರಿಗೆ."

"ಡಬ್ಬಿ ಇದೆ. ಮುಚ್ಚಳ ಕೂರ್ತಿಲ್ಲ."

"ಬೇರೆ ಮುಚ್ಚಳ ನೋಡಿ."

"ಹನ್ನೊಂದು ನೋಡಿದೆ ಕಣೇ! ಈ ಮನೇಲಿ ಡಬ್ಬಿಗಳಿಗೂ ಮುಚ್ಚಳಗಳಿಗೂ ಮಾತುಕತೆಯೇ ಇಲ್ವಾ?"

"ಮಿಕ್ಕಿದ್ದನ್ನಾದ್ರೂ ಗಟ್ಟಿ ಕವರಿಗೆ ಹಾಕಿ ಬಾಯಿ ಕಟ್ಟಿ. ರೀ, ನಲ್ಲಿ ಸದ್ದು ಯಾಕೆ? ಕೋಳಿ ತೊಳೀತಿದ್ದೀರಾ? ಬೇಡ್ರೀ! ಸಿಡಿಯುತ್ತೆ!"

"ಸಿಡೀತು," ಎಂದರು ಯಜಮಾನರು, ಸೋತ ದನಿಯಲ್ಲಿ.

ಅಲ್ಲಿಂದ ಮಧ್ಯಾಹ್ನ ಮೂರರವರೆಗೆ ನಡೆದದ್ದು ಮಹಾಯುದ್ಧ. ಸೋಪುನೀರಲ್ಲಿ ಒರೆಸಿ. ಆ ಬಟ್ಟೆ ಅಲ್ಲ, ಅದು ಮುಖ ಒರೆಸೋದು! ಕೈ ತೊಳೀರಿ. ಅದೇ ಕೈಯಲ್ಲಿ ನಲ್ಲಿ ತಿರುಗಿಸಿದ್ರಾ? ಹಾಗಾದ್ರೆ ನಲ್ಲೀನೂ ತೊಳೀರಿ. ಕೂಗಿ ಕೂಗಿ ಟೇಲರಮ್ಮನ ಗಂಟಲು ಒಣಗಿಹೋಯಿತು. ಒಂದು ಲೋಟ ನೀರು ಕೇಳಲೂ ಭಯ, ಯಾವ ಕೈಯಲ್ಲಿ ತಂದುಕೊಡುತ್ತಾರೋ!

ಕೊನೆಗೆ ಕೆಳಗಿನ ಅಂತಸ್ತಿನಲ್ಲಿ ಹೇಗೋ ಮುಚ್ಚಳ ಕೂತ ಒಂದು ಡಬ್ಬಿ, ಫ್ರೀಜರಿನಲ್ಲಿ ನಾಲ್ಕು ಗಂಟು. ಸಂಜೆ ಇಬ್ಬರೂ ಬರೀ ಬ್ರೆಡ್ಡು ತಿಂದರು. ಆ ಡಬ್ಬಿ ತೆರೆಯುವಷ್ಟು ತ್ರಾಣ ಯಾರಲ್ಲೂ ಉಳಿದಿರಲಿಲ್ಲ.

ಮಾರನೆಯ ಬೆಳಗ್ಗೆ ಡಾಕ್ಟರು ಮಂಡಿ ಒತ್ತಿ ನೋಡಿದರು. "ಭೇಷ್! ಊತ ಅರ್ಧಕ್ಕರ್ಧ ಇಳಿದಿದೆ." ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಹುಬ್ಬು ಗಂಟಿಕ್ಕಿದರು. "ಬಿ.ಪಿ. ಯಾಕಮ್ಮಾ ಇಷ್ಟು ಏರಿದೆ? ದನಿ ಬೇರೆ ಕೂತುಹೋಗಿದೆ. ನಿನ್ನೆ ಏನು ಮಾಡಿದ್ರಿ?"

"ವಿಶ್ರಾಂತಿ," ಎಂದು ಟೇಲರಮ್ಮ ಪಿಸುಗುಟ್ಟಿದರು.

"ಅಲುಗಾಡೋಕೂ ಬಿಡಲಿಲ್ಲ ಡಾಕ್ಟ್ರೇ. ಎಲ್ಲಾ ನಾನೇ ಮಾಡಿದೆ!" ಎಂದು ಯಜಮಾನರು ಬೀಗಿದರು.

"ಒಳ್ಳೇದಾಯ್ತು. ಹಾಗಾದ್ರೆ ಸೂಜಿ ಬೇಡ. ಇನ್ನೊಂದು ವಾರ ಇವರು ಹೀಗೇ ಕೂತಿರಲಿ, ಮನೆಯೆಲ್ಲಾ ನೀವೇ ನೋಡ್ಕೊಳ್ಳಿ."

ಟೇಲರಮ್ಮ ಡಾಕ್ಟರ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ನಿಮ್ಮ ದಮ್ಮಯ್ಯ ಡಾಕ್ಟ್ರೇ, ಸೂಜೀನೇ ಚುಚ್ಚಿಬಿಡಿ!"