ಬರೆದ ಕನಸಿಗೆ ಸಂಗಮವೇ ಬೇಕು

ಕನಸು ಕಾಣುವುದರಲ್ಲಿ ನಾನು ಕಡುಬಡವ. ತಲೆ ದಿಂಬಿಗೆ ತಗುಲಿದರೆ ಬೆಳಗ್ಗೆ ಕಾಗೆ ಕೂಗುವವರೆಗೆ ಒಳಗೆ ಏನೂ ನಡೆಯುವುದಿಲ್ಲ. ಮನೆಗಿರುವಂತೆ ಮನಸ್ಸಿಗೂ ಒಂದು ಹಿತ್ತಲಿರುತ್ತದೆ, ಹಗಲು ಬೇಡವೆಂದು ಎಸೆದದ್ದೆಲ್ಲ ಅಲ್ಲಿ ಬಿದ್ದಿರುತ್ತದೆ, ಮಲಗಿದ ಮೇಲೆ ಅದೇ ಎದ್ದು ಓಡಾಡುತ್ತದೆ ಎಂದು ನನ್ನ ಅನಿಸಿಕೆ. ನನ್ನ ಹಿತ್ತಲಿಗೆ ಮಾತ್ರ ಯಾರೋ ಬೀಗ ಜಡಿದುಕೊಂಡು ಹೋಗಿದ್ದಾರೆ. ಅದಕ್ಕೇ ಇರಬೇಕು, ಬೇರೆಯವರ ಹಿತ್ತಲಲ್ಲಿ ಇಣುಕುವ ಚಪಲ ನನಗೆ ಹತ್ತಿದ್ದು. ಆ ಚಪಲದ ಕಥೆಯನ್ನು ಹೇಳುತ್ತೇನೆ. ನಗು ಬಂದ ಕಡೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ.

ನಂಜನಗೂಡಿನ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟರು. ನನ್ನ ವಿದ್ಯೆಯ ಬಂಡವಾಳವೆಂದರೆ ಮರದ ಗೋಲ, ಮರದ ಪೆಟ್ಟಿಗೆ, ಒಂದು ಹಿತ್ತಾಳೆ ಚೆಂಬು, ಕಾಲ ಬಂದರೆ ಒಂದು ಮಾವಿನಕಾಯಿ. ಮೇಜಿನ ಮೇಲೆ ಇಟ್ಟು "ಕಂಡದ್ದನ್ನು ಕಂಡ ಹಾಗೆ ಬರೆಯಿರಿ" ಎಂದರೆ ನನ್ನ ಪಾಠ ಮುಗಿಯಿತು. ಮಾವಿನಕಾಯಿ ಮಾತ್ರ ಪಾಠಕ್ಕೆ ಮೊದಲೇ ಮುಗಿಯುತ್ತಿತ್ತು. ಆ ವರ್ಷ ಊರಿಗೆ ಪ್ಲೇಗು ಬಂತು. ಮನೆ ಮನೆಯಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಇಲಿ ಬಿತ್ತೆಂದರೆ ಮನುಷ್ಯ ಬೀಳುವುದಕ್ಕೆ ಹೆಚ್ಚು ದಿನ ಬೇಡ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊರಗಿನ ಬಯಲಿನಲ್ಲಿ ಸೋಗೆಯ ಜೋಪಡಿಗಳಿಗೆ ಬಂದುಬಿಟ್ಟಿತು. ಶಾಲೆ ಹುಣಿಸೆಮರದ ಕೆಳಗೆ ಬಂತು. ಮೇಷ್ಟರು ಬಂದರು, ಮಕ್ಕಳು ಬಂದರು, ನನ್ನ ಚೆಂಬು ಬರಲಿಲ್ಲ. ಅದು ಬೀಗ ಹಾಕಿದ ಶಾಲೆಯೊಳಗೆ ಇಲಿಗಳ ಜೊತೆ ಉಳಿಯಿತು.

ಎದುರಿಗೆ ಇಡುವುದಕ್ಕೆ ಏನೂ ಇಲ್ಲ. ಹಾಗಾಗಿ ಒಂದು ದಿನ ಹುಡುಗರಿಗೆ, "ನಿನ್ನೆ ರಾತ್ರಿ ಕನಸಿನಲ್ಲಿ ಕಂಡದ್ದನ್ನು ಬರೆಯಿರಿ" ಎಂದುಬಿಟ್ಟೆ. ಚೆಂಬನ್ನು ಒಮ್ಮೆಯೂ ನೆಟ್ಟಗೆ ಬರೆಯದಿದ್ದ ಹುಡುಗರು ಕಾಗದದ ಮೇಲೆ ಬಗ್ಗಿದವರು ತಲೆ ಎತ್ತಲಿಲ್ಲ. ಒಬ್ಬನ ಮನೆಗೆ ಕೊಕ್ಕರೆಯ ಕಾಲು ಬಂದು ಅದು ಕಪಿಲಾ ಹೊಳೆಯನ್ನು ದಾಟುತ್ತಿತ್ತು. ಒಬ್ಬನ ಸತ್ತ ಅಜ್ಜಿ ಬಾವಿಯ ತಳದಲ್ಲಿ ಕೂತು ರಾಗಿ ಬೀಸುತ್ತಿದ್ದಳು. ಇನ್ನೊಬ್ಬ ಕಾಗದದ ತುಂಬ ಇದ್ದಿಲು ಬಳಿದಿದ್ದ. "ಇದೇನೋ?" ಎಂದರೆ, "ನನ್ ಕನಸಲ್ಲಿ ದೀಪ ಇರ್ನಿಲ್ಲ ಸಾ" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಅವರ ಮನೆಯಲ್ಲಿ ಹಿಂದಿನ ವಾರವಷ್ಟೇ ಇಬ್ಬರು ಹೋಗಿದ್ದರು ಎಂಬುದು ಆಮೇಲೆ ನೆನಪಿಗೆ ಬಂತು.

ಕೊನೆಯದು ಹೆಮ್ಮರಗಾಲದ ಸಿದ್ದನದು. ಒಂದು ದೊಡ್ಡ ಇಲಿ. ಅದರ ಮೇಲೆ ಬಾಸಿಂಗ ಕಟ್ಟಿಕೊಂಡ ಒಬ್ಬ ಮದುಮಗ. ಅವನ ಮೂಗಿನ ಮೇಲೆ ಒಂದು ಗಾಜು ಸೀಳಿದ ಕನ್ನಡಕ. ಅಂಥದ್ದನ್ನು ಹಾಕಿಕೊಳ್ಳುವವನು ಆ ಸೀಮೆಯಲ್ಲಿ ನಾನೊಬ್ಬನೇ ಆದ್ದರಿಂದ ಯಾರೆಂದು ಕೇಳಬೇಕಾಗಿರಲಿಲ್ಲ. ಹಿಂದೆ ಮದುಮಗಳು. ಅವಳು ನಮಗೆ ಬೆನ್ನು ಹಾಕಿ ಕೂತಿದ್ದಳು, ಜಡೆ ಇಲಿಯ ಬೆನ್ನಿನಿಂದ ನೆಲದವರೆಗೆ ಇಳಿದಿತ್ತು. "ಯಾಕೋ, ನನಗೆ ಕುದುರೆ ಸಿಗಲಿಲ್ಲವೇನೋ?" ಎಂದೆ. "ನಾ ಏನ್ ಮಾಡ್ಲಿ ಸಾ, ಅಂಗೇ ಕಂಡ್ತು" ಎಂದ. ಗಣಪತಿಗೆ ಆಗುವ ವಾಹನ ನನಗೆ ಆಗದೆ ಇದ್ದೀತೇ, ಹೊಟ್ಟೆಯೇನೂ ಕಡಿಮೆಯಿಲ್ಲ ಎಂದುಕೊಂಡು, ಹೆಂಡತಿಗೆ ತೋರಿಸೋಣವೆಂದು ಜೋಪಡಿಗೆ ತಂದೆ.

ನನ್ನ ಹೆಂಡತಿ ನಾಗಮ್ಮ ಮೊದಲು ನಕ್ಕಳು. "ಏನೂಂದ್ರೆ, ಈ ಜಡೆ ನನ್ನದಲ್ಲ, ನನ್ನದು ಇಲಿಬಾಲ" ಎಂದಳು. ಆಮೇಲೆ ಮುಖ ಸಣ್ಣದಾಯಿತು. "ಇದು ಅವನಿಗೆ ಕನಸಲ್ಲಿ ಕಂಡದ್ದಾ?" ಕನಸಿನಲ್ಲಿ ಸಾವು ಕಂಡರೆ ಆಯುಷ್ಯ, ಮದುವೆ ಕಂಡರೆ ಸಾವು, ಇದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಮದುಮಗ ನಾನು. ವಾಹನವೋ, ಇಲಿ. ಇನ್ನು ಶಾಸ್ತ್ರ ಕೇಳುವುದೇನಿದೆ? ಆದರೂ ಪಕ್ಕದ ಜೋಪಡಿಯ ಶಾಮಭಟ್ಟರನ್ನು ಕರೆದಳು. ಕೆಟ್ಟ ಕನಸನ್ನು ಮನುಷ್ಯರಿಗೆ ಹೇಳುವ ಮೊದಲು ಹರಿಯುವ ನೀರಿಗೆ ಹೇಳಿಬಿಟ್ಟರೆ ದೋಷ ನೀರಿನ ಜೊತೆ ಹೋಗುತ್ತದೆ. ಆದರೆ ಈ ಕನಸನ್ನು ಹುಡುಗ ಹೇಳಿಲ್ಲ, ಬರೆದಿದ್ದಾನೆ. ಬರೆದದ್ದು ಹೇಳಿದಂತೆ ಆಯಿತೋ ಇಲ್ಲವೋ, ಇದು ಅವಳ ಸಂಶಯ.

ಭಟ್ಟರು ನಶ್ಯ ಏರಿಸಿ ಯೋಚಿಸಿದರು. "ಬರೆದದ್ದು ಅಂದ್ರೆ ಬರಹ ಆಯ್ತಲ್ಲಮ್ಮ. ಹಣೆಬರಹಕ್ಕೂ ಇದಕ್ಕೂ ಬಹಳ ದೂರ ಇಲ್ಲ. ಹೇಳಿದ ಕನಸಿಗೆ ಒಂದು ನದಿ ಸಾಕು. ಬರೆದ ಕನಸಿಗೆ ಸಂಗಮವೇ ಬೇಕು. ತಿರುಮಕೂಡಲಲ್ಲಿ ಬಿಟ್ಟುಬಿಡಿ."

"ಸ್ವಾಮಿ, ಇಲ್ಲೇ ಕಪಿಲೆಯಲ್ಲಿ ಬಿಟ್ಟರೆ ಅದೇ ನೀರು ತಾನಾಗಿಯೇ ಸಂಗಮಕ್ಕೆ ಹೋಗುವುದಲ್ಲ?" ಎಂದೆ. ಸಾಯುವವನ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಅಂದಿನಿಂದ ನನ್ನನ್ನು ಕಾಯುವುದೇ ಅವಳ ಕೆಲಸವಾಯಿತು. ಸರ್ಕಾರದ ಡಾಕ್ಟರು ಪ್ಲೇಗಿಗೆ ಸೂಜಿ ಹಾಕುವುದಕ್ಕೆ ಬಂದಾಗ ನನ್ನನ್ನು ಎಳೆದುಕೊಂಡು ಹೋಗಿ ಮುಂದೆ ನಿಲ್ಲಿಸಿದಳು. "ನೀನೂ ಹಾಕಿಸಿಕೊ" ಎಂದೆ. "ಕನಸು ಬಿದ್ದದ್ದು ನಿಮ್ಮ ಮೇಲೆ, ನನಗ್ಯಾಕೆ ಸೂಜಿ?" ಎಂದಳು. ತೋಳು ಊದಿ ಜ್ವರ ಬಂದು ನಾನು ಮಲಗಿದೆ. ಅವಳು ಆ ಚಿತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು, ತಮ್ಮನ ಜೊತೆ ಗಾಡಿ ಹತ್ತಿ ಸಂಗಮವಿರುವ ನರಸೀಪುರಕ್ಕೆ ಹೋದಳು. ಅವಳ ತವರು ಅದೇ ಊರು. ಅಲ್ಲಿ ಅಡಿಗೆಮನೆಯಲ್ಲಿ ಒಂದು ಇಲಿ ಸತ್ತು ಬಿದ್ದಿತ್ತಂತೆ. ಬೆಕ್ಕು ಹಿಡಿದದ್ದು ಎಂದುಕೊಂಡು ಮೊರದಲ್ಲಿ ಎತ್ತಿ ಆಚೆಗೆ ಹಾಕಿದರಂತೆ.

ಮೊದಲು ಅವಳ ಮಾತು ಬಂತು, ತಮ್ಮನ ಬಾಯಲ್ಲಿ: "ಕಾಗದ ಬಿಟ್ಟಾಯ್ತು, ಇನ್ನು ಧೈರ್ಯವಾಗಿರಿ ಅನ್ನು." ಮಾತು ತಂದವನು ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದು, ಸಂಗಮದ ಮರಳಿನಲ್ಲಿ ಬೂದಿ ಇನ್ನೂ ಬಿಸಿಯಾಗಿತ್ತು. "ಪುಣ್ಯವಂತೆ, ಮುತ್ತೈದೆಯಾಗಿ ಹೋದಳು" ಎಂದರು ಜನ. ಆ ಪುಣ್ಯಕ್ಕಿಷ್ಟು ಬೆಂಕಿ ಹಾಕ ಎನ್ನಿಸಿತು. ಈಗಲೂ ಅನ್ನಿಸುತ್ತದೆ. ನನ್ನನ್ನು ಉಳಿಸುವುದಕ್ಕೆ ಹೋದವಳು ಅವಳೊಬ್ಬಳೇ.

ವರ್ಷ ತುಂಬುವುದರೊಳಗೆ ನಮ್ಮ ಸೋದರಮಾವ ಹೆಣ್ಣು ಗೊತ್ತುಮಾಡಿದರು. ಬೇಡವೆಂದೆ. "ಒಲೆ ಹಚ್ಚೋರು ಬೇಡವೇನೋ?" ಎಂದರು. ನನ್ನ ಕೈಯ ಅನ್ನವನ್ನು ಅಷ್ಟು ದಿನ ತಿಂದಿದ್ದವನು ನಾನೇ, ಎದುರಾಡಲಿಲ್ಲ. ಮಾಂಗಲ್ಯ ಕಟ್ಟುವುದಕ್ಕೆ ಹುಡುಗಿಯ ಹಿಂದೆ ಬಗ್ಗಿದಾಗ ಕಂಡಿತು ಜಡೆ. ಮಣೆಯಿಂದ ಇಳಿದು ನೆಲದ ಮೇಲೆ ಬಿದ್ದಿತ್ತು. ಕಟ್ಟುವುದನ್ನು ಬಿಟ್ಟು ಪಕ್ಕದ ಕಂಬ ಹಿಡಿದುಕೊಂಡೆ. ಮಂತ್ರ ಹೇಳುತ್ತಿದ್ದ ಶಾಮಭಟ್ಟರು ಜ್ವರವೆಂದು ತಿಳಿದು, ಮಂತ್ರ ನಿಲ್ಲಿಸದೆಯೇ ನನ್ನಿಂದ ದೂರ ಸರಿದುಕೊಂಡರು.

ಊಟದ ಹೊತ್ತಿಗೆ ಸಿದ್ದ ಒಂದು ಚಿಪ್ಪು ರಸಬಾಳೆ ಹಿಡಿದುಕೊಂಡು ಬಂದ. ಅದನ್ನು ನನ್ನ ಮುಂದಿಟ್ಟು, "ಸಾ, ನಾ ಮದ್ವೆ ಕಂಡೆ, ಮದ್ವೇನೇ ಬರ್ದೆ. ಸಾವು ಅಂದೋರು ನೀವೇ ಅಲ್ವಾ ಸಾ?" ಎಂದ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂದು ಅವನಿಗೆ ಕಲಿಸಿದವನು ನಾನು. ಅದನ್ನು ಕಂಡ ಹಾಗೆ ನೋಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಊರು ಮನೆಗಳಿಗೆ ಹಿಂತಿರುಗಿತ್ತು, ನನ್ನ ಚೆಂಬೂ ಸಿಕ್ಕಿತ್ತು. ಈಗ ತರಗತಿಯಲ್ಲಿ ಚೆಂಬು ಬಿಟ್ಟರೆ ಇನ್ನೇನನ್ನೂ ಬರೆಸುವುದಿಲ್ಲ.

ಇವತ್ತು ಬೆಳಗ್ಗೆ ಅಡಿಗೆಮನೆಯಲ್ಲಿ ಏಲಕ್ಕಿಯ ವಾಸನೆ. "ಏನು ವಿಶೇಷ?" ಎಂದೆ. ಎರಡನೆಯವಳು, ಪಾಪ, ನನ್ನ ಮೇಲೆ ಬಹಳ ಅಕ್ಕರೆ ಇರುವವಳು, ನಾಚಿಕೊಂಡು ಹೇಳಿದಳು: "ಕನಸಲ್ಲಿ ನೀವು ಹೋಗಿಬಿಟ್ಟಿದ್ರಿ. ಚಟ್ಟ, ಬೆಂಕಿ, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿತ್ತು. ಸಾವು ಕಂಡ್ರೆ ಆಯುಷ್ಯ ಗಟ್ಟಿ ಅಲ್ವಾ? ಅದಕ್ಕೇ ಪಾಯಸ ಮಾಡಿದೆ."

ಎಲೆಯ ಮುಂದೆ ಕೂತೆ. ಪಾಯಸ ಚೆನ್ನಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ, ಸುಮ್ಮನೆ ಕೇಳಿದ ಹಾಗೆ ಕೇಳಿದೆ: "ನನಗೆ ಕೂದಲು ನರೆತಿತ್ತೇನೇ?"

"ಇಲ್ಲಪ್ಪ, ಈಗ ಇದ್ದೀರಲ್ಲ, ಹೀಗೇ ಇದ್ರಿ" ಎಂದು ಸಂತೋಷದಿಂದ ಇನ್ನೊಂದು ಸೌಟು ಬಡಿಸಿದಳು.