ದ್ರಾಕ್ಷಿ ತೋಟದವರ ಶಿಕ್ಕಾ

ಸಂಗತಿಗಳು ಇಷ್ಟು. ಗಂಡ ಒಬ್ಬ, ಹೆಂಡತಿ ಒಬ್ಬಳು. ಇಬ್ಬರೂ ಫ್ರಾನ್ಸಿನಲ್ಲಿ ದ್ರಾಕ್ಷಿ ಬೆಳೆದು ವೈನು ಮಾಡುವವರು. ಮಂಚ, ಒಲೆ, ಫ್ಯಾನು ಇರುವ ಒಂದು ವ್ಯಾನು. ಎರಡು ಸೈಕಲ್ಲು. ಕಾಲ, ಗೇರುಹಣ್ಣು ಉದುರುವ ಏಪ್ರಿಲ್. ದಾರಿ, ಅಂಕೋಲೆಯಿಂದ ಕಾರವಾರ, ನಡುವೆ ಕದ್ರಾದ ಕಡೆಗೊಂದು ಸುತ್ತು. ಉದ್ದೇಶ, ಗೇರುಹಣ್ಣಿನ ಸಾರಾಯಿ ಆಗುವ ಸೀಮೆಯನ್ನು ಸೈಕಲ್ಲಿನ ಮೇಲೆ ನೋಡುವುದು. ದುಭಾಷಿ, ನಾನು: ಎಂ.ಎ., ಪ್ರಥಮ ದರ್ಜೆ, ಮೂರು ವರ್ಷದಿಂದ ನಿರುದ್ಯೋಗಿ.

ಕಾರವಾರದ ಒಂದು ಕಚೇರಿಯಲ್ಲಿ ಪ್ರವಾಸಿಗರಿಗೆ ಮಾಹಿತಿ ಕೊಡುವ ಹುದ್ದೆ ಖಾಲಿ ಇತ್ತು. ಅರ್ಜಿಯೊಂದಿಗೆ, ವಿದೇಶಿ ಪ್ರವಾಸಿಗರ ಜೊತೆ ಕೆಲಸ ಮಾಡಿದ ಅನುಭವಪತ್ರ ಬೇಕು. ಹತ್ತು ದಿನ ಜೊತೆಗಿದ್ದರೆ ಅಂಥ ಪತ್ರ ಬರೆದುಕೊಡುವುದಾಗಿ ದಂಪತಿ ಒಪ್ಪಿದ್ದರು. ಅವರ ಪ್ರವಾಸದ ಹತ್ತನೆಯ ದಿನವೂ ಅರ್ಜಿಯ ಕೊನೆಯ ದಿನವೂ ಒಂದೇ ಆಗಿತ್ತು. ನನ್ನ ವಿಷಯದಲ್ಲಿ ಇಂಥವು ತಪ್ಪದೆ ನಡೆಯುತ್ತವೆ. ಈಚೆಗೆ ಅವಕ್ಕೆ ಕ್ರಮಸಂಖ್ಯೆ ಹಾಕಿ ಇಡುತ್ತಿದ್ದೇನೆ.

೧. ವ್ಯಾನಿನಲ್ಲಿ ಗಂಡ

ಅವರದೊಂದು ಪದ್ಧತಿ. ಒಂದು ದಿನ ಒಬ್ಬರು ಸೈಕಲ್ ತುಳಿಯಬೇಕು, ಇನ್ನೊಬ್ಬರು ವ್ಯಾನನ್ನು ಹಿಂದಿನಿಂದ ನಿಧಾನವಾಗಿ ತರಬೇಕು. ಮರುದಿನ ಅದಲುಬದಲು. ಎರಡನೆಯ ಸೈಕಲ್ಲು ಪ್ರತಿದಿನವೂ ನನ್ನದು. ಪದ್ಧತಿಯಲ್ಲಿ ನನಗೆ ಸರದಿ ಇರಲಿಲ್ಲ.

ಮೊದಲ ದಿನ ಹೆಂಡತಿ ತುಳಿಯುತ್ತಿದ್ದಳು. ಅಂಕೋಲೆ ಪೇಟೆಯ ತಿರುವಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ವ್ಯಾನಿಗೆ ಅಡ್ಡ ನಿಂತಳು.

“ಹೆಂಡ್ತಿನ ಬಿಸಿಲಲ್ಲಿ ತುಳಿಯೂಕೆ ಬಿಟ್ಟು ಫ್ಯಾನಿನ ಕೆಳಗೆ ಕೂತ್ಕಂಡು ಬತ್ತೀಯಾ? ಅದೂ ಎತ್ತು ಹೊಡ್ಕಂಡು ಬಂದಂಗೆ ಹಿಂದಿಂದ. ತಮಾ, ಇವಂಗೆ ಹೇಳು.”

ಹೇಳಿದೆ. ನಾಳೆ ತನ್ನ ಸರದಿ ಎಂದು ಗಂಡ ವಿನಯದಿಂದ ಉತ್ತರಿಸಿದ. ಅದನ್ನೂ ಅವಳಿಗೆ ಹೇಳಿದೆ.

“ಗಂಡಸ್ರ ನಾಳೆ ನಾ ಬೇಕಾದಷ್ಟು ಕಂಡಿದ್ದೆ,” ಎಂದಳು.

ಆ ರಾತ್ರಿ ಅಂಕೋಲೆಯಲ್ಲೇ ತಂಗಿದೆವು. ಮರುದಿನ ಅದೇ ತಿರುವು, ಅದೇ ಹೆಂಗಸು. ಬೆವರಿನಲ್ಲಿ ನೆನೆದ ಗಂಡನನ್ನೂ ವ್ಯಾನಿನಲ್ಲಿ ಕೂತ ಹೆಂಡತಿಯನ್ನೂ ಅವಳು ಒಂದು ಕ್ಷಣ ನೋಡಿದಳು.

“ಕಂಡ್ಯಾ ತಮಾ? ನಿನ್ನೆ ನಾ ಒಂದು ಮಾತು ಆಡಿದ್ದಕ್ಕೆ, ಹೆಂಡ್ತಿ ಪಾಪ ಗಂಡನ್ನ ಹೆಂಗೆ ದುಡಿಸ್ತದೆ ನೋಡು.”

ಎರಡೂ ದಿನ ಬಿಸಿಲಲ್ಲಿ ತುಳಿದ ನಾನು ಅವಳ ಎದುರಿಗೇ ನಿಂತಿದ್ದೆ.

೨. ಶುದ್ಧ ಕನ್ನಡದ ಪರಿಣಾಮ

ಗೇರುಹಣ್ಣಿನ ಸಾರಾಯಿ ಕಾಯಿಸುವುದು ಗೋವೆಯಲ್ಲಿ ಕಸುಬು, ಗಡಿಯ ಈಚೆ ಅಪರಾಧ. ಕದ್ರಾದ ದಾರಿಯಲ್ಲಿ ಒಂದು ಮನೆಯ ಅಂಗಳಕ್ಕೆ ಹೋಗಿ ನಾನು ವಿಚಾರಿಸಿದೆ: “ತಮ್ಮಲ್ಲಿ ಗೇರುಹಣ್ಣಿನಿಂದ ಮದ್ಯ ತಯಾರಿಸುವ ವ್ಯವಸ್ಥೆ ಇದೆಯೇ?”

ಇಂಥ ಕನ್ನಡ ಆಡುತ್ತ ಆ ಅಂಗಳಕ್ಕೆ ಈ ಮೊದಲು ಬಂದಿದ್ದವರು ಅಬಕಾರಿಯವರು ಮಾತ್ರ ಎಂಬುದು ಆಮೇಲೆ ತಿಳಿಯಿತು.

“ಇಲ್ಲ ಸಾಹೇಬ್ರೆ,” ಎಂದ ಮನೆಯ ಯಜಮಾನ. “ನಮ್ಮದ್ರಲ್ಲಿ ಗೇರುಮರನೇ ಇಲ್ಲ.”

ನಾವು ಗೇರುಮರದ ನೆರಳಿನಲ್ಲಿ ನಿಂತಿದ್ದೆವು.

“ಈ ವಾಸನೆ?”

“ಹಲಸಿಂದು.”

ಅಷ್ಟರಲ್ಲಿ ದಂಪತಿ ಕೆಳಗೆ ಬಿದ್ದ ಹಣ್ಣೊಂದನ್ನು ಹೆಕ್ಕಿದರು. ಗಂಡ ಹಿಚುಕಿ ಮೂಸಿದ. ಹೆಂಡತಿ ಕಚ್ಚಿ, ರಸವನ್ನು ಬಾಯಲ್ಲಿ ಆಡಿಸಿ, ಉಗುಳಿ, ಎರಡು ಬೆರಳು ತೋರಿಸಿದಳು: ಗಾಳಿಗೆ ಉದುರಿದ್ದು, ಇನ್ನೆರಡು ದಿನ ಮರದಲ್ಲೇ ಇರಬೇಕಿತ್ತು. ಯಜಮಾನನ ಮುಖ ಅರಳಿತು.

“ಇವ್ರು ನಮ್ಮ ಪೈಕಿಯವ್ರು. ಇವ್ರನ್ನ ಹಿತ್ತಲಿಗೆ ಕರ್ಕಂಡು ಹೋಗ್ತೆ. ನೀವು ಇಲ್ಲೇ ನಿಂತ್ಕಳಿ, ಸಾಹೇಬ್ರೆ.”

ಎರಡು ತಾಸು ನಿಂತೆ. ಹಿತ್ತಲಿನಿಂದ ಕೊಂಕಣಿಯೂ ಫ್ರೆಂಚೂ ಒಟ್ಟಿಗೆ ನಗುವುದು ಕೇಳುತ್ತಿತ್ತು. ಬೀಳ್ಕೊಡುವಾಗ ಯಜಮಾನ ನನ್ನನ್ನು ಬದಿಗೆ ಕರೆದ.

“ಒಳ್ಳೆ ಜನ. ಎಲ್ಲ ಮಾತೂ ತಿಳೀತದೆ ಇವ್ರಿಗೆ. ಅಲ್ಲ, ನಿಮ್ಮನ್ನ ಎಂತಕೆ ಕರ್ಕಂಡು ಬಂದ್ರು?”

೩. ಅರಗು

ಹತ್ತನೆಯ ದಿನ ದಂಪತಿ ಪತ್ರ ಬರೆದು, ಸಹಿ ಮಾಡಿ, ಕೆಳಗೆ ತಮ್ಮ ವಿಳಾಸವನ್ನೂ ಬರೆದುಕೊಟ್ಟರು. ವ್ಯಾನು ಚಿತ್ತಾಕುಲದಲ್ಲಿ ನಿಂತಿತ್ತು. ಸಂಜೆ ಗೋವೆಗೆ ಹೊರಡುವುದಿತ್ತು. ನಾನು ಸೈಕಲ್ಲಿನಲ್ಲಿ ಕಾಳಿ ಸೇತುವೆ ದಾಟಿ ಕಾರವಾರದ ಕಚೇರಿ ಮುಟ್ಟಿದೆ. ಗುಮಾಸ್ತರು ಪತ್ರವನ್ನು ಎರಡು ಸಲ ಓದಿದರು.

“ಚಲೋ ಬರೆದಿದಾರೆ. ಶಿಕ್ಕಾ ಎಲ್ಲಿ? ಮೊಹರು?”

“ಅವರು ಗಂಡ ಹೆಂಡತಿ. ಗಂಡ ಹೆಂಡತಿಗೆ ಶಿಕ್ಕಾ ಇರುವುದಿಲ್ಲ.”

“ಅಷ್ಟು ದೊಡ್ಡ ವ್ಯಾನ್ ಇದೆ ಅಂತ ಬರೆದವ್ರಿಗೆ ಒಂದು ಶಿಕ್ಕಾ ಇಲ್ವಾ? ಐದು ಗಂಟೆವರೆಗೆ ಕೂತಿರ್ತೇನೆ.”

ಮತ್ತೆ ಸೇತುವೆ. ಗಂಡನ ಬೀಗದ ಕೈ ಗೊಂಚಲಿನಲ್ಲಿ ಹಿತ್ತಾಳೆಯ ಮುದ್ರೆಯೊಂದಿತ್ತು. ತೋಟದ ಬಾಟಲಿಗಳ ಬಾಯಿಗೆ ಒತ್ತುವ ದ್ರಾಕ್ಷಿ ಗೊಂಚಲಿನ ಮುದ್ರೆ. ಕೆಂಪು ಅರಗೂ ಇತ್ತು. ಮುದ್ರೆ ಎಲ್ಲಿ ಒತ್ತಬೇಕೆಂಬುದು ಅವನ ಕಸುಬಿಗೆ ಗೊತ್ತು. ನಾನು ನೀರು ಕುಡಿಯುವಷ್ಟರಲ್ಲಿ ಪತ್ರವನ್ನು ಮೂರು ಮಡಿಕೆ ಮಾಡಿ, ಬಾಯಿ ಮುಚ್ಚಿ, ಅದರ ಮೇಲೆ ಅರಗು ಸುರಿದು ಒತ್ತಿದ್ದ.

ಐದಕ್ಕೆ ಐದು ನಿಮಿಷ ಇರುವಾಗ ಗುಮಾಸ್ತರು ಅರಗನ್ನು ನೋಡಿ ಎದ್ದು ನಿಂತರು. “ಹೀಗೆ ತರಬೇಕು,” ಎಂದು ಅರ್ಜಿಗೆ ಲಗತ್ತಿಸಿದರು.

ಸಂದರ್ಶನದ ದಿನ ಸಾಹೇಬರು ಕಡತ ತೆರೆದರು. ಪತ್ರ ತೆರೆಯಲಿಲ್ಲ.

“ಇದನ್ನ ಒಡೆದ್ರೆ ಶಿಕ್ಕಾ ಹೋಗ್ತದೆ. ಶಿಕ್ಕಾ ಇಲ್ದೆ ಇದು ಅನುಭವಪತ್ರ ಅಲ್ಲ.”

“ಒಡೆಯದಿದ್ದರೆ ಓದುವುದು ಹೇಗೆ, ಸರ್?”

“ಅದೇ ನೋಡಿ.”

ಪಕ್ಕದಲ್ಲಿದ್ದ ಗುಮಾಸ್ತರನ್ನು ತೋರಿಸಿ, ಇವರು ಆಗಲೇ ಎರಡು ಸಲ ಓದಿದ್ದಾರೆ ಎಂದೆ.

“ಓದಿದ್ದು ಹೌದು, ಸರ್,” ಎಂದರು ಗುಮಾಸ್ತರು. “ಆದ್ರೆ ಆಗ ಶಿಕ್ಕಾ ಇರ್ಲಿಲ್ಲ.”

ಶಿಕ್ಕಾ ಒತ್ತಿದವರೇ ಖುದ್ದಾಗಿ ಬಂದು ಒಡೆದು, ಮತ್ತೆ ಒತ್ತಿಕೊಡತಕ್ಕದ್ದು ಎಂದು ಷರಾ ಆಯಿತು. ಅಲ್ಲಿಯವರೆಗೆ ಹುದ್ದೆಯೂ ಖಾಲಿ, ನಾನೂ ಖಾಲಿ. ದಂಪತಿಗೆ ಬರೆದು ತಿಳಿಸಬಹುದು. ಅವರ ವಿಳಾಸ ಕಚೇರಿಯಲ್ಲಿ ಭದ್ರವಾಗಿದೆ, ಅರಗಿನ ಒಳಗೆ.

ಆದ್ದರಿಂದ ಓದಿದವರು ಇದನ್ನು ಇನ್ನೊಬ್ಬರ ಕೈಗೆ ದಾಟಿಸಬೇಕಾಗಿ ವಿನಂತಿ. ಯಾವುದಾದರೂ ಹೆದ್ದಾರಿಯಲ್ಲಿ ಒಬ್ಬರು ಸೈಕಲ್ ತುಳಿಯುತ್ತ, ಇನ್ನೊಬ್ಬರು ಹಿಂದೆ ವ್ಯಾನಿನಲ್ಲಿ ಬರುವುದು ಕಂಡರೆ, ಯಾರು ಯಾರನ್ನು ದುಡಿಸುತ್ತಿದ್ದಾರೆಂದು ಬೈಯುವ ಮೊದಲು ಇಷ್ಟು ಹೇಳಿ: ಕಾರವಾರದಲ್ಲಿ ಒಂದು ಕಾಗದ ಒಡೆಯುವುದಿದೆ. ಬರುವಾಗ ಅರಗು ತರಲಿ.