ಅಜ್ಜಿ ಕೂತರೆ ಓಡುವ ಕಾರು

ಮುಳಬಾಗಿಲಿನ ಹೆದ್ದಾರಿ ಪಕ್ಕ, ಹುಣಸೆಮರದ ಕೆಳಗೆ ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದ ನನಗೆ ಇಂಥವು ಆಗುತ್ತಲೇ ಇದ್ದವು. ಗಾಡಿ ಕೆಟ್ಟಿರುವುದು ಒಂದು ಕಡೆ, ಗಾಡಿಯವರು ತೋರಿಸುವುದು ಇನ್ನೊಂದು ಕಡೆ. ಆದರೆ ಎಂಬತ್ತರ ದಶಕದ ಶುರುವಿನಲ್ಲಿ ಬಂದ ಆ ಕೆಂಪು ಕಾರು ನೆನಪಾದರೆ ಈಗಲೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಕ್ಕುಬಿಡುತ್ತೇನೆ.

೧. ನೂರು ಮೈಲಿ

ತಾಯಲೂರು ಕಡೆಯ ಯುವಕರೊಬ್ಬರು ಹಿಪ್ಪುನೇರಳೆ ಬೆಳೆದು, ರೇಷ್ಮೆಗೂಡು ಮಾರಿ, ಒಂದು ಹಳೇ ಕಾರು ಕೊಂಡಿದ್ದರು. ಅದರ ಮೇಲಿನ ಟಾಪು ಕತ್ತರಿಸಿ, ದೊಡ್ಡ ಎಂಜಿನ್ ಕೂರಿಸಿ, ಬಣ್ಣ ಹೊಡೆಸಿ ಸ್ಪೋರ್ಟ್ಸ್ ಕಾರು ಮಾಡಿಸಿದ್ದರು. ಮುಂದೆ ಎರಡೇ ಸೀಟು, ಹಿಂದೆ ಸಾಮಾನಿಡುವ ಹಲಗೆ.

"ಮೇಸ್ತ್ರಿ, ಇದು ಗಂಟೆಗೆ ನೂರು ಮೈಲಿ ಹೋಗುತ್ತೆ," ಎಂದರು.

ಆಗ ಅದು ಒಂದು ಜೊತೆ ಎತ್ತಿನ ಹಿಂದೆ ಹಗ್ಗದಲ್ಲಿ ಬಂದು ನಿಂತಿತ್ತು. ಹಗ್ಗ ಬಿಚ್ಚುತ್ತಿದ್ದ ಎತ್ತಿನವನು ಗಾಬರಿಯಿಂದ, "ಸ್ವಾಮಿ, ಅಷ್ಟು ನಮ್ಮ ಎತ್ತಿನ ಕೈಲಿ ಆಗಲ್ಲ," ಎಂದ.

೨. ಟಿಕ್ ಟಿಕ್

ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಎಳೆದುಕೊಡಲು ಆ ಕಾರಿಗೆ ಕರೆಂಟಿನ ಪಂಪು ಹಾಕಿಸಿದ್ದರು. ಕೀಲಿ ತಿರುಗಿಸಿದರೆ ಅದು ಟಿಕ್ ಟಿಕ್ ಅನ್ನಬೇಕು. ಕೇಳಬೇಕಲ್ಲ! ಪಕ್ಕದ ಟೈಲರನ ಮಿಷನ್ನು ನಿಲ್ಲಿಸಿದೆ, ಎದುರಿನ ಹಿಟ್ಟಿನ ಗಿರಣಿಯವರಿಗೆ ಕೈ ಮುಗಿದೆ. ಬೀದಿಗೆ ಬೀದಿಯೇ ಸುಮ್ಮನಾಯಿತು. ಹುಣಸೆ ಎಲೆ ಉದುರುವುದೂ ಕೇಳುವಂತಿತ್ತು. ಕಾರಿನ ಕೆಳಗೆ ಕಣ್ಣು ಮುಚ್ಚಿ ಮಲಗಿದೆ. ಎಷ್ಟು ಸುಖವಾಗಿತ್ತೆಂದರೆ ಯಾಕೆ ಮಲಗಿದೆನೆಂಬುದೇ ಮರೆಯಿತು. ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಟಿಕ್ ಟಿಕ್!

"ಜೀವ ಇದೆ ಯಜಮಾನ್ರೇ!" ಎಂದು ಕೂಗಿದೆ.

ಪಕ್ಕದಲ್ಲಿ ಬಗ್ಗಿದ್ದ ಅವರು ಕೈ ಹಿಂದಕ್ಕೆಳೆದುಕೊಂಡು, "ಅದು ನನ್ನ ವಾಚು ಕಣ್ರೀ," ಎಂದರು.

೩. ಕಾಲ್ಗುಣ

ಅವತ್ತು ಪಂಪಿಗೆ ಸ್ಪ್ಯಾನರಿನಿಂದ ಎರಡೇಟು ಕೊಟ್ಟೆ, ಕಾರು ಹೊರಟಿತು. ವಾರದ ಮೇಲೆ ಮತ್ತೆ ಬಂತು. ಹಿಂದಿನ ಹಲಗೆಯ ಮೇಲೆ ದಿಂಬು ಹಾಕಿಕೊಂಡು, ಎಲೆಯಡಿಕೆ ಅಗಿಯುತ್ತಾ ಯಜಮಾನರ ಅಜ್ಜಿ ಕೂತಿದ್ದರು.

"ಅಜ್ಜಿ ಕೂತ್ರೆ ಓಡುತ್ತೆ ಮೇಸ್ತ್ರಿ, ಇಳಿದ್ರೆ ಅರ್ಧ ಮೈಲಿಗೆ ನಿಲ್ಲುತ್ತೆ. ಅವರ ಕಾಲ್ಗುಣ!"

ಹುಟ್ಟಿದಾಗಿನಿಂದ ಪಕ್ಕದ ನಂಗಲಿ ದಾಟದ ಅಜ್ಜಿ ಒಂದೇ ವಾರದಲ್ಲಿ ಕೋಲಾರ, ಮಾಲೂರು, ಶ್ರೀನಿವಾಸಪುರ ಎಲ್ಲ ನೋಡಿಬಿಟ್ಟಿದ್ದರು. "ಕಣ್ಣು ಮುಚ್ಕೊಂಡ್ರೆ ತೇಲ್ದಂಗಾಗುತ್ತೆ ನಾಯನಾ. ಸಮುದ್ರಾನೂ ಹಿಂಗೇ ಇರುತ್ತೇನೋ," ಎಂದರು. ಆ ಮುಖ ನೋಡಿ ನನಗೂ ಎಲ್ಲಿಗಾದರೂ ಹೋಗಬೇಕೆನಿಸಿತು.

ಅಜ್ಜಿಯನ್ನು ಇಳಿಸಿ ಅಲ್ಲಿ ಒಂದು ರಾಗಿ ಮೂಟೆ ಇಟ್ಟೆ. ಪಂಪು ಟಿಕ್ ಟಿಕ್ ಎಂದಿತು! ಗುಟ್ಟು ಸಿಕ್ಕಿತು. ಪಂಪಿನ ಅರ್ತ್ ವೈರಿನ ನಟ್ಟು ಸಡಿಲ, ಅಡಿಯಲ್ಲಿ ಕರೆಂಟು ತಡೆಯುವ ಹೊಸ ಬಣ್ಣ. ಹಿಂದೆ ಭಾರ ಬಿದ್ದರೆ ಮಾತ್ರ ವೈರು ಕಾರಿನ ತಗಡಿಗೆ ತಾಗುತ್ತಿತ್ತು; ಭಾರ ಇಳಿದರೆ ಎಂಜಿನ್ನಿನಲ್ಲಿ ಉಳಿದ ಪೆಟ್ರೋಲು ಅರ್ಧ ಮೈಲಿಗಷ್ಟೇ. ಬಣ್ಣ ಕೆರೆದು ನಟ್ಟು ಬಿಗಿ ಮಾಡಿದೆ. ಯಜಮಾನರು ಕುಣಿದರು. ಅಜ್ಜಿಯ ಮುಖ ಮಾತ್ರ ಸಪ್ಪಗಾಯಿತು.

"ಯಾವ ನಟ್ಟು ನಾಯನಾ?" ಎಂದು ಮೆಲ್ಲಗೆ ಕೇಳಿದರು.

ಬೀಗುತ್ತಾ ತೋರಿಸಿಕೊಟ್ಟೆ, ನನ್ನಂಥ ಜಾಣ!

೪. ಸುಣ್ಣ

ಮುಂದಿನ ವಾರ ಯಜಮಾನರು ಆ ಕಾರಿನಲ್ಲಿ ಮದ್ರಾಸಿಗೆ ಹೊರಟರು. ಅಜ್ಜಿ ಸಮುದ್ರ ನೋಡಬೇಕೆಂದರೆ, "ಅಷ್ಟು ದೂರ ನೀನ್ಯಾಕಜ್ಜಿ? ಅಲ್ಲಿ ಪೆಟ್ಟಿಗೆ ಇಡ್ಬೇಕು," ಎಂದಿದ್ದರಂತೆ. ಹೊರಟ ದಿನ ಬೆಳಿಗ್ಗೆ ಮನೆ ಬಿಟ್ಟು ಅರ್ಧ ಮೈಲಿಗೆ ಕಾರು ನಿಂತಿತು. ಓಡಿಹೋಗಿ ಅಜ್ಜಿಯನ್ನು ಕರೆತಂದು ಕೂರಿಸಿಕೊಂಡು ನನ್ನ ಹತ್ತಿರ ಬಂದರು. ಅಜ್ಜಿ ಹೊಸ ಸೀರೆಯುಟ್ಟು ತಯಾರಾಗಿಯೇ ಇದ್ದರು.

ಬಗ್ಗಿ ನೋಡಿದೆ. ನಟ್ಟು ಮತ್ತೆ ಸಡಿಲ, ಬಟ್ಟೆ ಪೆಟ್ಟಿಗೆಯ ಭಾರ ಅದಕ್ಕೆ ಸಾಲದು. ಅದರ ಸುತ್ತ ಅಡಕತ್ತರಿ ಕಚ್ಚಿದ ಗುರುತು, ಮೇಲೆ ಹೆಬ್ಬೆರಳಿನಗಲ ಎಲೆಯಡಿಕೆ ಸುಣ್ಣ. ತಲೆ ಎತ್ತಿದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣಿನಲ್ಲಿ ಆಗಲೇ ಸಮುದ್ರವಿತ್ತು.

ಸುಣ್ಣ ಒರೆಸಿ, ನಟ್ಟು ಭದ್ರ ಮಾಡಿ, "ಈ ವೈರು ನಂಬೋ ಹಾಗಿಲ್ಲ ಯಜಮಾನ್ರೇ. ಅಜ್ಜಿ ಜೊತೇಲಿರಲಿ," ಎಂದೆ.

"ಅಜ್ಜಿ ಯಾಕೆ? ರಾಗಿ ಮೂಟೆ ಸಾಕು ಅಂತ ನೀವೇ ತೋರಿಸಿದ್ರಲ್ಲ!"

ಸಿಕ್ಕಿಬಿದ್ದೆ. "ಮೂಟೆ ಊರೊಳಗೆ ಸರಿ. ದೂರದ ದಾರೀಲಿ ಗುಂಡಿ ಬಂದ್ರೆ ಮೂಟೆ ಏನಾದ್ರೂ ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳುತ್ತಾ?"

ಅವರು, "ಅದೂ ನಿಜ," ಎಂದು ಪೆಟ್ಟಿಗೆ ನನ್ನ ಅಂಗಡಿಯಲ್ಲೇ ಇಳಿಸಿದರು.

ಅಜ್ಜಿ ಸಂಚಿ ಬಿಚ್ಚಿ, ದೊಡ್ಡದೊಂದು ಎಲೆಗೆ ಸುಣ್ಣ ಹಚ್ಚಿ, ಮಡಿಸಿ ನನ್ನ ಕೈಗಿಟ್ಟರು. "ಬಾಯಿ ಮುಚ್ಕೊಂಡು ಅಗೀ ನಾಯನಾ."

ಕಾರು ಧೂಳೆಬ್ಬಿಸಿಕೊಂಡು ಹೋಯಿತು, ಹಿಂದೆ ಸೀರೆಯ ಸೆರಗು ಹಾರುತ್ತಿತ್ತು. ಅಜ್ಜಿ ನನ್ನನ್ನು ಪೂರ್ತಿ ನಂಬಿರಲಿಲ್ಲ ಅಂತ ಕಾಣುತ್ತೆ. ಸುಣ್ಣ ಎಷ್ಟು ಹಾಕಿದ್ದರೆಂದರೆ, ನಾಲಿಗೆ ಸುಟ್ಟು, ಅವರು ಸಮುದ್ರ ನೋಡಿ ವಾಪಸ್ ಬರುವತನಕ ನನಗೆ ಮಾತೇ ಹೊರಡಲಿಲ್ಲ.